ಇಪ್ಪತ್ತೇಳು ತಿರುವು

ತಾಳವಾಡಿಯಿಂದ ಸತ್ಯಮಂಗಲಕ್ಕೆ
ವಾರಕ್ಕೆ ನಾಲ್ಕು ಸಲ ಕೋಸು ಇಳಿಸುತ್ತೇನೆ.
ಈಗೀಗ ಮಂಗಳವಾರ
ಕೋಸಿನ ಜೊತೆ ಕೂಸು.

ದುಂಡಮ್ಮ, ಎರಡೂವರೆ ವರ್ಷ. ಒಂದು ಮಾತಿಲ್ಲ.
ಕಿವಿ ಸರಿಯಾಗಿದೆ, ಈರೋಡಿನಲ್ಲಿ ತಂತಿ ಹಚ್ಚಿ ನೋಡಿದರು.
ನನಗದು ಮೊದಲೇ ಗೊತ್ತಿತ್ತು:
ಬೀದಿ ತುದಿಯಲ್ಲಿ ನನ್ನ ಗಾಡಿಯ ಹಾರ್ನು ಕೇಳಿದರೆ
ಉಣ್ಣುವ ತಟ್ಟೆ ಬಿಟ್ಟು ಬಾಗಿಲಿಗೆ ಬರುತ್ತಾಳೆ,
ಬಂದು ಬೆರಳು ತೋರುತ್ತಾಳೆ.
ಆ ಬೆರಳನ್ನು ಓದಬಲ್ಲವಳು
ಅವಳವ್ವ ಒಬ್ಬಳೇ.

ಬಜೆ ತೇಯ್ದು ನಾಲಿಗೆಗೆ ಸವರಿದ್ದಾಯಿತು.
"ಇವರಪ್ಪನೂ ಹೀಗೇ, ಐದಕ್ಕೆ ಬಾಯಿ ಬಿಟ್ಟ,
ಬಿಟ್ಟು ತಿರುಗಿ ಮುಚ್ಚಿಕೊಂಡ" ಎಂದಳು ನಮ್ಮವ್ವ.
ಸಮಾಧಾನವೋ ದೂರೋ, ತಿಳಿಯಲಿಲ್ಲ.

ಆಸ್ಪತ್ರೆಯ ಹಿಂದಿನ ಕೋಣೆ. ಕಯಲ್‌ವಿಳಿ ಮೇಡಂ,
ಒಂದು ಕನ್ನಡಿ, ಸೋಪಿನ ಗುಳ್ಳೆ, ನವಿಲುಗರಿ.
ನನ್ನದು ಅರೆ ತಮಿಳು, ಅವರದು ಕಾಲು ಕನ್ನಡ.
ಹೆದರುತ್ತ ಕೇಳಿದೆ:
ಅಂಗನವಾಡಿಯಲ್ಲಿ ಅದು, ಮನೆಯಲ್ಲಿ ಇದು,
ನಡುವೆ ಸಿಕ್ಕಿಕೊಂಡಿತೇ ಕೂಸು?
ಇಲ್ಲ, ಎರಡು ಭಾಷೆ ಮಕ್ಕಳಿಗೆ ಭಾರವಲ್ಲ, ಎಂದರು.
ಆಮೇಲೆ ನನ್ನತ್ತ ತಿರುಗಿ:
ದಾರಿಯಲ್ಲಿ ಇವಳ ಹತ್ತಿರ ಏನು ಮಾತಾಡುತ್ತೀರಿ?

ಹದಿನಾಲ್ಕು ವರ್ಷದಿಂದ
ಗೇರು, ಬ್ರೇಕು ಬಿಟ್ಟರೆ
ಯಾರ ಹತ್ತಿರ ಮಾತಾಡಿದ್ದೇನೆ ನಾನು.

ಚೀಟಿ ಬರೆದುಕೊಟ್ಟದ್ದು ನನಗೇ:
ಕಂಡದ್ದನ್ನು ಹೇಳಿ. ಸಣ್ಣದಾಗಿ ಹೇಳಿ. ಮತ್ತೆ ಹೇಳಿ.
ಹೇಳಿ ಸುಮ್ಮನಿರಿ, ಐದೆಣಿಸುವ ತನಕ.

ದಿಂಬಂ ಇಳಿಜಾರು. ಇಪ್ಪತ್ತೇಳನೇ ತಿರುವಿನ ಹಲಗೆ.
"ಕೋತಿ."
ಒಂದು, ಎರಡು, ಮೂರು, ನಾಲ್ಕು, ಐದು.
"ಕಲ್ಲು." ಐದು.
"ಲಾರಿ. ದೊಡ್ಡ ಲಾರಿ." ಐದು.
ನನ್ನ ದನಿ ಯಾರದೋ ಅನಿಸಿ, ನಾಚಿಕೆಯಾಗಿ
ಹತ್ತೊಂಬತ್ತರಲ್ಲಿ ನಿಲ್ಲಿಸಿಬಿಟ್ಟೆ.
ಮೊಣಕೈಗೆ ಒಂದು ಏಟು ಬಿತ್ತು.
ತಿರುಗಿದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಾಳೆ,
ಕೆಟ್ಟುನಿಂತ ರೇಡಿಯೋ ನೋಡಿದ ಹಾಗೆ.

ಒಂಬತ್ತು ಮಂಗಳವಾರ ಹೀಗೇ ಇಳಿದೆವು.
ಹತ್ತನೆಯದು. ಆರನೇ ತಿರುವು.
ಮುಂದೊಂದು ಚೆಂಡುಹೂವಿನ ವ್ಯಾನು, ತುಂಬಿ ತುಳುಕುತ್ತ.
"ಹೂ" ಎಂದೆ. ಎಣಿಸಿದೆ.
ನಾಲ್ಕಕ್ಕೆ ಪಕ್ಕದ ಗಾಜು ಮಬ್ಬಾಯಿತು.
"ಪೂ."

ಗುಳ್ಳೆ ಊದಿದ್ದಿರಬೇಕು ಅಂದುಕೊಂಡೆ.
"ಪೂ." ಬೆರಳು ವ್ಯಾನಿನತ್ತ.
ಗಾಡಿ ಓರೆಗೆ ಹಾಕಿದೆ. ಹಿಂದಿನವನು ಬೈದ.

"ಮೊದಲ ಮಾತೇ ತಮಿಳಾಯ್ತಲ್ಲೋ" ಎಂದಳು ನಮ್ಮವ್ವ.
ಜಗಲಿಯಲ್ಲಿದ್ದ ಪುಟ್ಟಮಾದಯ್ಯ ಮೇಷ್ಟ್ರು ನಕ್ಕರು:
"ಅದು ಹಳಗನ್ನಡವೂ ಹೌದು ಕಣವ್ವ. ಸಾವಿರ ವರ್ಷದ ಹಿಂದೆ
ನಾವೂ ಪೂ ಅಂತಲೇ ಇದ್ದೆವು, ಪಾಲ್ ಕುಡಿಯುತ್ತಿದ್ದೆವು.
ಕೂಸು ಮೊದಲಿಂದ ಶುರುಮಾಡಿದೆ."

ಮುಂದಿನ ವಾರ ಮೇಡಂ ಪುಸ್ತಕದಲ್ಲಿ ಬರೆದುಕೊಂಡರು: ಒಂದು.
ಇಷ್ಟೊತ್ತಿಗೆ ಇನ್ನೂರಾದರೂ ಇರಬೇಕಿತ್ತಂತೆ.
ಅಂದರೆ ಇನ್ನೂ ನೂರ ತೊಂಬತ್ತೊಂಬತ್ತು.

ಚೆಕ್‌ಪೋಸ್ಟಿನ ಗೇಟು ಬೀಳುವುದರೊಳಗೆ ಘಾಟು ಹತ್ತಬೇಕು.
ಹಿಂದೆ ಖಾಲಿ ಬುಟ್ಟಿಗಳು ಕುಲುಕುತ್ತಿವೆ.
"ಆನೆ ಲದ್ದಿ" ಎಂದೆ.
ಎಣಿಸುತ್ತಿದ್ದೇನೆ.