ಕಾಲಂ ಹದಿನಾಲ್ಕು

ಝುವಾರಿನಗರದ ಏರಿನ ತಗಡು ಶೆಡ್ಡಿನಲ್ಲಿ
ದುಪಟ್ಟಾ ತುದಿಯಿಂದ ಟ್ಯಾಬ್ಲೆಟ್ಟಿನ ಗಾಜು ಒರೆಸುತ್ತೇನೆ.
ಬಂದರಿನ ಕಲ್ಲಿದ್ದಲ ಪುಡಿ
ವಾಸ್ಕೊದಿಂದ ಬಸ್ಸಿನಲ್ಲಿ ನನ್ನ ಜೊತೆಗೇ ಬಂದಿದೆ, ಟಿಕೇಟಿಲ್ಲದೆ.
ಮಸಿ ಬೆರಳಿನಿಂದಲೇ ಅಂಕಿ ಒತ್ತಬೇಕು.

ಸೇರಿದವರು ಮೂವತ್ತೊಂದು.
ಮುಗಿಸಿದವರು ಹತ್ತೊಂಬತ್ತು.
ಅಪ್ರೆಂಟಿಸ್ ಆದವರು ಹನ್ನೊಂದು.
ಕನ್ನಡದಲ್ಲಿ ಅವರಿಗೆ ಶಿಶಿಕ್ಷು ಎನ್ನಬೇಕಂತೆ,
ಆಡಿದರೆ ಸೀನಿದ ಹಾಗಾಗುತ್ತದೆ.

ಹುಟ್ಟಿದ ದಿನ: ಜೂನ್ ಒಂದು.
ಹುಟ್ಟಿದ ದಿನ: ಜೂನ್ ಒಂದು.
ಮೂರನೆಯವನದೂ.
ಕೆಂಪು ಅಕ್ಷರ ಮೂಡುತ್ತದೆ: 'ಒಬ್ಬರೇ ಇರಬಹುದು, ಪರಿಶೀಲಿಸಿ.'
ಈ ಯಂತ್ರಕ್ಕೆ ಹೇಗೆ ಹೇಳಲಿ,
ಹುನಗುಂದದ, ಬಾದಾಮಿಯ, ಗಜೇಂದ್ರಗಡದ ಮಾಸ್ತರರು
ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿತೇ ನೋಡಿ
ನಮ್ಮನ್ನೆಲ್ಲ ಒಂದೇ ದಿನ ಹೆತ್ತರೆಂದು?
ನನ್ನದೂ ಅದೇ ದಿನ.
ನನ್ನನ್ನು ಯಾವ ಫಾರ್ಮೂ ಪರಿಶೀಲಿಸಿಲ್ಲ,
ಮೂರು ತಿಂಗಳ ಗುತ್ತಿಗೆ.

ಕಾಲಂ ಹದಿನಾಲ್ಕು: ಬಿಟ್ಟುಹೋದ ಕಾರಣ.
ಒಂದು ಆರೋಗ್ಯ, ಎರಡು ಮದುವೆ, ಮೂರು ವಲಸೆ,
ನಾಲ್ಕು ಬೇರೆ ಕೆಲಸ, ಐದು ಆಸಕ್ತಿಯಿಲ್ಲ,
ಆರು ಇತರೆ.

ಕಲಿಸುವ ಪರೇಶ ಘಾಡಿಯ ಬಳಿ ಬೇರೊಂದು ವಹಿ ಇದೆ,
ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ್ದು.
ಕೊಂಕಣಿಯಲ್ಲಿ ಓದುತ್ತಾನೆ, ನಾನು ಕನ್ನಡದಲ್ಲಿ ಕೇಳಿಸಿಕೊಳ್ಳುತ್ತೇನೆ:
'ದುರ್ಗಪ್ಪ ಲಮಾಣಿ. ಕಾಲಿಗೆ ಐದರ ಬೂಟು ಬೇಕಿತ್ತು, ಬಂದದ್ದೆಲ್ಲ ಎಂಟರದು.
ಹನ್ನೊಂದು ದಿನ ಚಿಂದಿ ತುರುಕಿಕೊಂಡು ನಡೆದ.
ಅಗ್ನೆಲ್ ಕುಲಾಸೊ. ವೆಲ್ಡಿಂಗ್ ಕಿಡಿ ಹಾರಿದರೆ ಎದ್ದು ಹೊರಗೆ ಹೋಗುತ್ತಿದ್ದ.
ಅವನ ಅಪ್ಪ ಶಿಪ್‌ಯಾರ್ಡಿನಲ್ಲಿದ್ದ. ನಾನು ಮುಂದೆ ಕೇಳಲಿಲ್ಲ.
ಹಸೀನಾ ಬಾಗವಾನ. ವರ್ನಿಯರ್ ಓದುವುದರಲ್ಲಿ ಎಲ್ಲರಿಗಿಂತ ಮೊದಲು.
ಐದಕ್ಕೆ ನಲ್ಲಿ ಬರುತ್ತದೆ, ಆರಕ್ಕೆ ತರಗತಿ ಬಿಡುತ್ತದೆ.'

ಆರು. ಆರು. ಆರು.

ಪಣಜಿಯಿಂದ ಫೋನು:
'ಇತರೆ ಶೇಕಡಾ ಹತ್ತು ದಾಟಬಾರದು ಮೇಡಂ, ಸ್ವಲ್ಪ ಹಂಚಿ.'
ಹಂಚಿದೆ.
ಬೂಟು ಆರೋಗ್ಯವಾಯಿತು.
ಕಿಡಿಗೆ ಬೇರೆ ಕೆಲಸ ಸಿಕ್ಕಿತು.
ನಲ್ಲಿಗೆ ಆಸಕ್ತಿಯಿಲ್ಲ.

ಮಧ್ಯಾಹ್ನವೆಲ್ಲ ಬೆನ್ನುಹತ್ತುವ ಕರೆಗಳು:
ಆರು ತಿಂಗಳ ನಂತರ ಅಭ್ಯರ್ಥಿ ಎಲ್ಲಿದ್ದಾನೆ?
ಒಂದು ನಂಬರು ಈಗ ಮಡಗಾಂವಿನ ಬೇಕರಿಯದು.
ಇನ್ನೊಂದರಲ್ಲಿ ಒಬ್ಬ ತಾಯಿ: 'ಬೋಟಿಗೆ ಹೋಗ್ಯಾನವ್ವ,
ಹುಣ್ಣಿವಿ ಮುಂದ ಬರ್ತಾನ. ಅಪ್ರೆಂಟಿಸ್ ಅಂದ್ರ ಏನ?'
ಕೆಲಸಕ್ಕೆ ಮೊದಲು ಕಲಿಯುವುದು, ಅಂದೆ.
'ಮತ್ತ ಆ ಶೆಡ್ಡಿನ್ಯಾಗಿಂದು?'
ಆ ಕಲಿಯುವುದಕ್ಕೆ ಮೊದಲಿನ ಕಲಿಕೆ.
ಆಕೆ ಬಹಳ ಹೊತ್ತು ಸುಮ್ಮನಿದ್ದಳು.
'ಹಂಗಾದ್ರ ಅದಕ್ಕೂ ಮದ್ಲ ನಾ ಕಲಿಸಿದ್ದು
ನಿಮ್ಮ ಲೆಕ್ಕದಾಗ ಬರೂದಿಲ್ಲೇನು?'

ಇಳಿಜಾರಿನಲ್ಲಿ ಬಸ್ಸಿಗೆ ನಡೆಯುವಾಗ ಐದೂವರೆ.
ಕೊಡಗಳ ಸಾಲು. ನೀಲಿ ಕೊಡದ ಹಿಂದೆ ನಿಂತವಳೇ ಕರೆದಳು.
'ಅಕ್ಕಾ, ಈ ನಲ್ಲಿ ಬಾಯಿ ಹದಿನೈದು ಪಾಯಿಂಟ್ ಎಂಟು ಮಿಲಿಮೀಟರ್.
ಸರ್ ಹತ್ರ ವರ್ನಿಯರ್ ಇಸ್ಕೊಂಡು ಅಳದೀನಿ.
ಕೊಡಕ್ಕ ನಾಕು ನಿಮಿಷ. ಮನಿಗೆ ಎರಡೆರಡು ಕೊಡ.
ಮುಂದ ಒಂಬತ್ತು ಮಂದಿ. ಆರು ಹನ್ನೆರಡಕ್ಕ ನನ್ನ ಪಾಳಿ.
ಅಂದ್ರ ಕ್ಲಾಸ್ ಮುಗಿಸಿ ಓಡಿ ಬಂದ್ರೂ ನಡೀತಿತ್ತು.
ಆದ್ರ ಪಾಳಿಯಾಗ ಕೊಡ ಒಂದ ನಿಲ್ಲೂದಿಲ್ಲ ನೋಡ್ರಿ,
ಅದರ ಹಿಂದ ಒಬ್ರು ಬೇಕು.'

ಕಳಿಸಿದ ಫಾರ್ಮಿಗೆ ತಿದ್ದುವ ಗುಂಡಿ ಇಲ್ಲ.
'ನನ್ನ ಹೆಸರ ಮುಂದ ಏನ್ ಬರದ್ರಿ?' ಎಂದಳು.

ಬಸ್ಸು ಹಾರನ್ ಹೊಡೆಯಿತು, ಹೋಯಿತು.
ನೀಲಿ ಕೊಡವನ್ನು ಕಾಲಿನಿಂದ ಒಂದು ಗೇಣು ಮುಂದೆ ಸರಿಸಿ
'ನೀ ಹೋಗು' ಎಂದೆ, 'ಶೆಡ್ಡು ಇನ್ನೂ ತೆಗೆದಿದೆ.'