ಆರು ತುಂಬಿದವನು

ಬುಡಾಪೆಸ್ಟಿನ ಜುಲೈ.
ಐದನೇ ಮಹಡಿಯ ನಮ್ಮ ಎರಡು ಕೋಣೆ
ಮುಚ್ಚಳ ಹಾಕಿ ಒಲೆಯ ಮೇಲೆ ಮರೆತ ಪಾತ್ರೆ.
ಕಿಟಕಿಗೆ ಒದ್ದೆ ಚಾದರ,
ಒಂದು ಫ್ಯಾನಿನ ಮುಂದೆ ನಾಲ್ಕು ತಲೆ.
ಕಿಟಕಿಯ ಕಟ್ಟೆಯಲ್ಲಿ ಮಾತ್ರ
ಉಪ್ಪುನೀರಿನ ಜಾಡಿಯೊಳಗೆ ಸೌತೆಕಾಯಿಗಳು
ಮೇಲೊಂದು ಬ್ರೆಡ್ಡಿನ ತುಂಡು ಹೊದ್ದು
ಸುಖವಾಗಿ ಹುಳಿಯಾಗುತ್ತಿದ್ದವು.

ಬಲಟಾನ್ ಸರೋವರಕ್ಕೆಂದು ಕೂಡಿಟ್ಟ ಹಣ
ನನ್ನ ಎರಡು ದವಡೆಹಲ್ಲಿಗೆ ಹೋಯಿತು.
"ಬೆಟ್ಟಕ್ಕಾದರೂ ಹೋಗೋಣ" ಎಂದ ವೆಂಡೆಲ್.
ವಾರವಿಡೀ ಹಳದಿ ಟ್ರಾಮು ಓಡಿಸಿ
ರಜೆಯ ದಿನವೂ ಹಳಿ ಹುಡುಕುವ ಗಂಡ.

ಬ್ರೆಡ್ಡಿನ ನಡುವೆ ಕರಿದ ಕೋಳಿ,
ಬಾಟಲಿಯಲ್ಲಿ ರಾಸ್ಪ್‌ಬೆರಿ ಪಾನಕ,
ಇಲ್ಕಾಳಿಗೆ ಓದಲು ಪುಸ್ತಕ (ಅವಳಿಗೆ ಹನ್ನೆರಡು,
ನಮ್ಮ ಜೊತೆ ಕಾಣಿಸಿಕೊಳ್ಳುವುದೇ ಅವಮಾನ).
ಹಲ್ಲುಚಕ್ರದ ರೈಲು ಏದುಸಿರು ಬಿಡುತ್ತ ಹತ್ತಿತು.
ಪ್ರತಿ ತಿರುವಿಗೂ ಒಂದು ಹಿಡಿ ತಂಪು.
ಮೇಲೆ ಓಕ್ ಮರಗಳ ನೆರಳು, ಅಲ್ಲೇ ಆ ಸ್ಟೇಷನ್ನು,
ಮಕ್ಕಳೇ ನಡೆಸುವ ಪುಟ್ಟ ರೈಲಿನದು.

ಎಂಜಿನ್ ಓಡಿಸುವವನಿಗಷ್ಟೇ ಮೀಸೆ.
ಉಳಿದ ಕಾರುಬಾರೆಲ್ಲ ಹಾಲುಗಲ್ಲದ್ದು:
ನಿಶಾನೆ ಹಿಡಿದವನಿಗೆ ಟೋಪಿ ಕಿವಿಯವರೆಗೆ ಇಳಿದಿದೆ,
ರೈಲು ಹೊರಟರೆ ಸಾಲಾಗಿ ನಿಂತು ಸಲಾಮು,
ಮೂಗಿನ ಮೇಲೆ ನೊಣ ಕೂತರೂ ಕದಲುವಂತಿಲ್ಲ.

ಟಿಕೀಟಿನ ಹುಡುಗಿ ಬಂದಳು.
ಎರಡು ಜಡೆ, ಭುಜಕ್ಕೆ ಚರ್ಮದ ಚೀಲ,
ಎದೆಯ ಬಿಲ್ಲೆಯಲ್ಲಿ 'ದೊರ್ಕಾ'.
"ದೊಡ್ಡವರು ಎರಡು, ಅರ್ಧ ಒಂದು" ಎಂದ ವೆಂಡೆಲ್,
"ಇವನಿಗೆ ಇನ್ನೂ ಆರು ತುಂಬಿಲ್ಲ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ
ನಾನು ಹೊರಗಿನ ಮರ ಎಣಿಸಿದೆ.

"ತುಂಬಿದೆ!"
ಜೊಂಬೊರ್ ಸೀಟಿನ ಮೇಲೆ ನಿಂತಿದ್ದ.
"ತುಂಬಿ ನಾಲ್ಕು ದಿನ ಆಯ್ತು! ಹಲ್ಲೂ ಬಿದ್ದಿದೆ, ನೋಡು!"
ಬಾಯಿ ಅಗಲಿಸಿ ಸಾಕ್ಷಿಯನ್ನೂ ಕೊಟ್ಟ.

ಹದಿನಾಲ್ಕು ವರ್ಷ
ಟಿಕೀಟಿಲ್ಲದವರ ಮುಖಗಳನ್ನು
ತಲೆಯ ಮೇಲಿನ ಕನ್ನಡಿಯಲ್ಲಿ ಕಂಡವನು ವೆಂಡೆಲ್.
ಮನೆಗೆ ಬಂದು ಅನುಕರಿಸಿ ನಗಿಸುತ್ತಿದ್ದ.
ಈಗ ಆ ಮುಖ ಕನ್ನಡಿಯಿಲ್ಲದೆಯೇ ನನಗೆ ಕಂಡಿತು:
ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

ಇಲ್ಕಾ ಪುಸ್ತಕದೊಳಗೆ ತಲೆ ಹೂತಳು.
ಎದುರಿನ ಮುದುಕಿ ಬೀಸಣಿಗೆ ನಿಲ್ಲಿಸಿದಳು.

ದೊರ್ಕಾ ಬೈಯಲಿಲ್ಲ. ನಗಲೂ ಇಲ್ಲ.
ಬೆರಳು ಮಡಚಿ ಲೆಕ್ಕ ಹಾಕಿ,
ಮೊದಲಿಂದ ಇನ್ನೊಮ್ಮೆ ಹಾಕಿ,
ಇನ್ನೊಂದು ಅರ್ಧ ಹರಿದು, ಕಟಕ್ಕೆಂದು ತೂತು ಹೊಡೆದು
ವೆಂಡೆಲ್‌ನ ಚಾಚಿದ ಕೈ ದಾಟಿಸಿ
ಹುಡುಗನ ಕೈಗೇ ಕೊಟ್ಟಳು.
"ಹುಟ್ಟುಹಬ್ಬದ ಶುಭಾಶಯ, ಸ್ವಾಮಿ.
ಇಳಿಯುವ ತನಕ ಜೋಪಾನ."

ಸ್ವಾಮಿ!
ಆಮೇಲೆ ಅವನು ಕಾಡು ನೋಡಿದ್ದು
ಆ ತೂತಿನಿಂದ ಮಾತ್ರ.
ಜಿಂಕೆ ಎಂದು ಇಲ್ಕಾ ಕೂಗಿದರೂ
ತೂತಿಗೆ ಸಿಕ್ಕದ ಜಿಂಕೆ ಅವನಿಗೆ ಬೇಡ.

ತೂಗುಕುರ್ಚಿಯಲ್ಲಿ ಇಳಿದೆವು ಬೆಟ್ಟ.
ಮುಂದಿನದರಲ್ಲಿ ಅಪ್ಪ ಮಗ,
ಹಿಂದಿನದರಲ್ಲಿ ನಾನು ಮತ್ತು ಚಪ್ಪಲಿ ಬೀಳಿಸಿಕೊಂಡ ಇಲ್ಕಾ.
ಕಾಲಡಿ ಮರದ ತುದಿ, ದೂರದಲ್ಲಿ
ಸೆಕೆಗೆ ಬೂದಿಬಣ್ಣ ತಿರುಗಿದ ಊರು, ಡ್ಯಾನ್ಯೂಬ್.
ವೆಂಡೆಲ್ ಮಗನ ಕಡೆ ಬಾಗಿ ಏನೋ ಹೇಳುತ್ತಿದ್ದ,
ಕೇಳಿಸಲಿಲ್ಲ. ತಂತಿ ಕಿರುಗುಟ್ಟುತ್ತಿತ್ತು.
ಜೊಂಬೊರ್ ಟಿಕೀಟನ್ನು ಕಣ್ಣಿಗೊತ್ತಿ
ಅಪ್ಪನನ್ನು ಬಹಳ ಹೊತ್ತು ನೋಡಿದ.

ಸೋಮವಾರ, ಇನ್ನೂ ಕತ್ತಲು.
ವೆಂಡೆಲ್ ಸಮವಸ್ತ್ರದ ಅಂಗಿ ತೊಡುವಾಗ
ಜೇಬಿನಲ್ಲಿ ಕಂಡಿತು ತೂತುಬಿದ್ದ ಆ ಚೂರು.
ಕೊಟ್ಟನೋ, ಕೇಳಿ ಪಡೆದನೋ, ಕದ್ದನೋ,
ನಾನು ಬಾಯಿ ಬಿಡಲಿಲ್ಲ.
ಬಿಸಿಲು ಬೀಳುವ ಮೂಲೆಗೆ
ಸೌತೆಕಾಯಿಯ ಜಾಡಿ ಸರಿಸಿದೆ.
ಇನ್ನೂ ಒಂದು ದಿನ ಬೇಕು ಅದಕ್ಕೆ.