ಹೂಂ ಎಂದದ್ದು ಯಾರಿಗೆ

ಸಾಬೂನು, ಚಾವಿ, ಬಾಲ್ದಿ.
ಐದು ನಿಮಿಷ ಬಿಟ್ಟು ಕೇಳುತ್ತೇನೆ, ನೆನಪಿಡಿ, ಎಂದೆ.
ಫೆಲಿಸ್ಮಿನಾ ನಕ್ಕಳು:
ಸಾಬೂನು ಯಾಕೆ ಮೇಸ್ತ್ರಿ,
ಎಷ್ಟು ತಿಕ್ಕಿದರೂ ಬೂತಾಯಿಯ ವಾಸನೆ ಹೋದೀತೇ?

ನಾನು ಮೇಸ್ತ್ರಿಯಲ್ಲ.
ಗ್ರಾಸಾ, ವಿಶ್ವವಿದ್ಯಾಲಯದ ಸಂಶೋಧನಾ ಸಹಾಯಕಿ,
ಕೊರಳಲ್ಲಿ ಫೋಟೋ ಅಂಟಿಸಿದ ಚೀಟಿ,
ಚೀಲದಲ್ಲಿ ಧ್ವನಿಮುದ್ರಕ, ಹದಿನಾಲ್ಕು ಪುಟದ ಒಪ್ಪಿಗೆ ಪತ್ರ.
ಹದಿನಾಲ್ಕನ್ನೂ ಓದಿ ಹೇಳಬೇಕು, ಪ್ರತಿ ಭೇಟಿಗೂ.
ಮೂರನೆಯದು ಮುಗಿಯುವಷ್ಟರಲ್ಲಿ ಮೊದಲನೆಯ ಪುಟ
ಸೆತುಬಾಲಿನ ಅಳಿವೆಯಲ್ಲಿ
ಇಳಿತದ ಜೊತೆ ಹೊರಟುಹೋಗಿರುತ್ತದೆ.

ತಿಳಿಯಿತೇ?
ಹೂಂ.
ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು.
ಹೂಂ ಹೂಂ. ಎಲ್ಲಿ ಒತ್ತಲಿ?

ಶಾಲೆಯ ಮೆಟ್ಟಿಲು ಹತ್ತದ ಹೆಬ್ಬೆಟ್ಟು,
ಡಬ್ಬಿಯ ತಗಡು ಕೊಯ್ದ ಗೆರೆ ಅದರ ಅಡ್ಡಕ್ಕೆ.
ಆ ಗೆರೆ ನನ್ನ ಕಡತದಲ್ಲಿ ಹತ್ತು ಸಲ ಇದೆ.

ತಂಗಿಯ ಮಗಳು ಒಡೆಟ್ ಎಂದೋ ಸಹಿ ಹಾಕಿದ್ದಾಳೆ.
ತಲೆಯಾಡಿಸಿದರೆ ಸಾಕು ಎಂದಿದೆ ನೈತಿಕ ಸಮಿತಿ.
ಅವಳ ಹೂಂ ಯಾರಿಗೆ ಎಂದು ಮಾತ್ರ ಯಾರೂ ಕೇಳಲಿಲ್ಲ.
ನನಗೆ ಗೊತ್ತಿತ್ತು.
ಕಾರ್ಖಾನೆಯ ಗೇಟಿನಲ್ಲಿ, ಇನ್ನೂ ಕತ್ತಲು,
ಮೇಸ್ತ್ರಿಯ ಬೆರಳು ತನ್ನತ್ತ ತಿರುಗಲಿ ಎಂದು
ಉಸಿರು ಹಿಡಿದು ನಿಂತ ಇಪ್ಪತ್ತರ ಹೆಣ್ಣು ಅಲ್ಲಿತ್ತು.
ಊಹೂಂ ಎಂದರೆ ನಾಳೆಯ ಕೂಲಿ ಇಲ್ಲ.

ಎರಡು ಸಲ ತಿದ್ದಿದೆ, ನಾನು ಮೇಸ್ತ್ರಿಯಲ್ಲ ಎಂದು.
ಎರಡು ಸಲವೂ
ಕೆಲಸ ಹೋದವರ ಮುಖ.
ಮೂರನೆಯ ಸಲ ತಿದ್ದಲಿಲ್ಲ. ಅಂಕಿಅಂಶ ಚೆನ್ನಾಗಿಯೇ ಬಂತು.

ಹನ್ನೊಂದನೆಯ ಭೇಟಿ, ಮಾರ್ಚಿಯ ಒಂದು ಗುರುವಾರ.
ಧ್ವನಿಮುದ್ರಕ ಕೀಂ ಎಂದಿತು.
ಮೊದಲೆಲ್ಲ ಆ ಸದ್ದಿಗೆ ಎದ್ದು ಅವಳು ಏಪ್ರನ್ ಹುಡುಕುತ್ತಿದ್ದಳು,
ಸೈರನ್ ಆಯಿತು, ಮೀನು ಬಂತು, ನಡಿ ನಡಿ.
ಇವತ್ತು ಎರಡೂ ಕೈ ಕಂಕುಳಲ್ಲಿ.

ಸಾಬೂನು, ಎಂದೆ.
ಊಹೂಂ.
ಆಮೇಲೆ ಬಾಗಿ, ಗೋಡೆಗೂ ಕಿವಿ ಇದ್ದ ಕಾಲದ ಪಿಸುಮಾತಲ್ಲಿ:
ಇವತ್ತು ಯಾರೂ ಒಳಗೆ ಕಾಲಿಡುವುದಿಲ್ಲ.
ನೀನೂ ಹೋಗಬೇಡ ಮಗಳೇ,
ಗಂಟೆಗೆ ಐದು ಕಾಸು ಹೆಚ್ಚಿಗೆ ಕೊಡುವವರೆಗೆ.

ಡಾಕ್ಟರ್ ಸಲೇಮಾ ಫೋನಿನಲ್ಲಿ ಮೆತ್ತಗೆ ಹೇಳಿದರು:
ಇದು ನಿರಾಕರಣೆಯಲ್ಲ ಗ್ರಾಸಾ.
ಅವಳು ಬೇಡ ಎಂದದ್ದು ನಮಗಲ್ಲ, ಎಂದೋ ಬೀಗ ಬಿದ್ದ ಕಾರ್ಖಾನೆಗೆ.
ಒಂದು ಲೋಟ ಕಾಫಿ ಕೊಡು, ಅರ್ಧ ಗಂಟೆ ಬಿಟ್ಟು ಕೇಳು.
ಅವಳಂಥವರಿಗೇ ಅಲ್ಲವೇ ನಾವು ದುಡಿಯುವುದು?

ನಿಜ. ನನ್ನಪ್ಪನೂ ಕೊನೆಕೊನೆಗೆ
ಚಮಚ ಎತ್ತಿ ಹಿಡಿದು, ಇದು ಯಾತಕ್ಕೆ ಎಂದವನೇ.
ಎಲ್ಲೋ ಒಂದು ಮಾತ್ರೆ ಹುಟ್ಟಲಿ ಎಂದು
ನನಗಿಂತ ಹೆಚ್ಚು ಬೇಡಿಕೊಂಡವರು ಯಾರು.
ಆದರೆ ಹತ್ತು ಸಲ ಹೂಂ ಎಂದದ್ದೂ
ಅದೇ ಬೀಗ ಬಿದ್ದ ಕಾರ್ಖಾನೆಗೇ.
ಆಗ ಯಾರೂ ಫೋನು ಮಾಡಲಿಲ್ಲ.
ನಾನೂ ಮಾಡಲಿಲ್ಲ.

ನಮೂನೆಯಲ್ಲಿ ಕಾರಣಕ್ಕೆ ಬೆರಳಗಲದ ಜಾಗ:
ದಣಿವು, ನೋವು, ಗೊಂದಲ, ಇತರೆ.
ಇತರೆಯ ಎದುರು ಬರೆದೆ, ಮುಷ್ಕರ.
ಹಿಂದಿನ ಹತ್ತು ಹಾಳೆಗಳನ್ನು ಏನು ಮಾಡಲಿ?
ಪೆನ್ನಿನ ಮುಚ್ಚಳ ಕಚ್ಚುತ್ತ ನಿಂತೆ.

ಅವಳು ಬೆಂಚಿನಲ್ಲಿ ಚೂರು ಸರಿದು ಜಾಗ ಮಾಡಿದಳು.
ಕೂತೆ. ನಾನೂ ಕೈ ಕಟ್ಟಿಕೊಂಡೆ.
ಎಷ್ಟೋ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ,
ನಾನಿವತ್ತು ಹೇಳದೇ ಬಿಟ್ಟಿದ್ದನ್ನು ಅವಳೇ ಅಂದಳು:
ಚಾವಿ. ಬಾಲ್ದಿ.

ಯಂತ್ರ ಆರಿಸಿಯಾಗಿತ್ತು.
ಬರೆದುಕೊಳ್ಳಲಿಲ್ಲ.